ಏಳು ಗಂಟೆಗೆ ಕೈಕೊಡುವ ಕಂಪ್ಯೂಟರ್

ಮನುಷ್ಯನಿಗೆ ತನ್ನ ಕಸುಬಿನ ಮೇಲೆ ಅತಿಯಾದ ನಂಬಿಕೆ ಇರಬಾರದು. ಇದ್ದರೆ ಲೋಕದ ಎಲ್ಲ ತೊಂದರೆಗಳಲ್ಲೂ ಅವನಿಗೆ ತನ್ನ ಕಸುಬೇ ಕಾಣಿಸುತ್ತದೆ. ನಾನು ಹರಪನಹಳ್ಳಿಯ ಒಂದು ಮಂಡಿಯಲ್ಲಿ ಮೆಕ್ಕೆಜೋಳದ ತೇವ ನೋಡುವವನು. ಈಗ ಅದಕ್ಕೆ ಯಂತ್ರ ಬಂದಿದೆ, ನಿಜ. ಆದರೂ ನಾನು ಒಂದು ಕಾಳನ್ನು ದವಡೆಯಲ್ಲಿಟ್ಟು ಕಟ್ ಎಂದು ಕಡಿದು, ಚೀಲದೊಳಗೆ ಮೊಳಕೈವರೆಗೆ ಕೈ ತೂರಿಸಿ, ‘ಒಳಗೆ ಕಾವು ಹಿಡಿದೈತಿ’ ಎಂದರೆ ಆಮೇಲೆ ಯಂತ್ರವೂ ಬಾಯಿ ಮುಚ್ಚಿಕೊಳ್ಳುತ್ತದೆ. ನನ್ನ ಲೆಕ್ಕದಲ್ಲಿ ಜಗತ್ತಿನಲ್ಲಿ ಏನೇ ಕೆಟ್ಟರೂ ಅದಕ್ಕೆ ಎರಡೇ ಕಾರಣ: ತೇವ ಅಥವಾ ಕಾವು. ಹಾಗಾಗಿ ನಮ್ಮ ಮನೆಯ ಹೊಸ ಕಂಪ್ಯೂಟರ್ ಮೊದಲ ಸಲ ಕೈಕೊಟ್ಟಾಗ ನಾನು ಅದರ ಬೆನ್ನಿಗೆ ಅಂಗೈಯಿಟ್ಟು ನೋಡಿದೆ. ಕಡಿದು ನೋಡಲಿಲ್ಲ ಎಂಬುದೊಂದೇ ಸಮಾಧಾನ.

ಐವತ್ತೈದರ ವಯಸ್ಸಿನಲ್ಲಿ ಇವನಿಗೇಕೆ ಕಂಪ್ಯೂಟರ್ ಎಂದು ನೀವು ಕೇಳಬಹುದು. ಮಂಡಿಯಲ್ಲಿ ಕೇಳಿದವರಿಗೆ, ಪೇಟೆ ಧಾರಣೆ ನೋಡಲಿಕ್ಕೆ ಎಂದು ಹೇಳಿದ್ದೇನೆ. ನಿಮ್ಮ ಮುಂದೆ ಸುಳ್ಳೇಕೆ? ನನ್ನ ಹೆಂಡತಿ ಗಿರಿಜಾಳ ಮುಖವನ್ನು ದೊಡ್ಡದಾಗಿ ನೋಡಲಿಕ್ಕೆ. ಅವಳು ಪ್ರಾಥಮಿಕ ಶಾಲೆಯ ಟೀಚರ್. ಹೋದ ವರ್ಷ ಬಡ್ತಿ ಸಿಕ್ಕಿ, ಹಡಗಲಿಯಿಂದಲೂ ಆಚೆ ಹೊಳೆದಂಡೆಯ ಊರೊಂದರ ಶಾಲೆಗೆ ಹೆಡ್‌ಮಿಸ್ ಆಗಿ ಹೋದಳು. ದಿನವೂ ಎರಡೆರಡು ಬಸ್ಸು ಹತ್ತಿಳಿದು ಸೊಂಟ ಹಿಡಿದ ಮೇಲೆ ಹಡಗಲಿಯಲ್ಲೇ ಒಂದು ಕೋಣೆ ಮಾಡಿಕೊಂಡಳು. ಶನಿವಾರ ಸಂಜೆ ಒಂದು ಮೊಳ ಮಲ್ಲಿಗೆಯೊಂದಿಗೆ ಬರುತ್ತಾಳೆ, ಸೋಮವಾರ ಮೊದಲ ಬಸ್ಸಿಗೆ ಹೊರಡುತ್ತಾಳೆ. ಮಲ್ಲಿಗೆ ಮಂಗಳವಾರಕ್ಕೆಲ್ಲ ಕಂದಿಹೋಗುತ್ತದೆ. ಆದರೂ ಶನಿವಾರದವರೆಗೆ ನಾನು ಅದನ್ನು ಕನ್ನಡಿಯ ಮೊಳೆಯಿಂದ ತೆಗೆಯುವುದಿಲ್ಲ. ಫೋನಿನಲ್ಲಿ ಅವಳ ಮುಖ ಹಪ್ಪಳದಷ್ಟು ಕಾಣುತ್ತಿತ್ತು. ಅದೂ ನನ್ನ ಕೈ ನಡುಗಿದರೆ ಅರ್ಧ ಹಪ್ಪಳ.

ವಿಡಿಯೊಗಳನ್ನು ನೋಡಿ ನೋಡಿ, ಬಿಡಿಭಾಗಗಳನ್ನು ತರಿಸಿ, ಒಂದು ಭಾನುವಾರ ಪಡಸಾಲೆಯಲ್ಲಿ ಜಮಖಾನ ಹಾಸಿ ನಾನೇ ಜೋಡಿಸಲು ಕುಳಿತೆ. ಹೊಸ ವಸ್ತುವಿಗೆ ವಿಭೂತಿ ಹಚ್ಚದೆ ಸ್ವಿಚ್ ಹಾಕುವಂತಿಲ್ಲ ಎಂದು ಗಿರಿಜಾ ಬಟ್ಟಲು ಹಿಡಿದು ಬಂದಳು. ಹೊರಗಿನ ತಗಡಿನ ಡಬ್ಬಿಗೆ ಮಾತ್ರ ಸಾಕು ಎಂದೆ. ಒಂದಕ್ಕೆ ಹಚ್ಚಿ ಒಂದಕ್ಕೆ ಬಿಟ್ಟರೆ ಹೇಗೆ ಎಂದು ಅವಳು ಫ್ಯಾನಿಗೆ, ವೈರಿಗೆ, ಕೊನೆಗೆ ಬೆರಳುದ್ದದ ರ‍್ಯಾಮ್ ಪಟ್ಟಿಗೂ ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆದಳು. ಪಟ್ಟಿಯ ಅಂಚಿನಲ್ಲಿ ಬಂಗಾರದ ಬಣ್ಣವಿತ್ತಲ್ಲ, ಅವಳಿಗೆ ಅದೇ ಹಣೆಯಂತೆ ಕಂಡಿರಬೇಕು. ನಾನು ತಡೆಯಬಹುದಿತ್ತು. ಆದರೆ ನಾಳೆ ಬೆಳಗಾದರೆ ಹೊರಟುಹೋಗುವ ಬೆರಳುಗಳನ್ನು ನೋಡುತ್ತ ಕುಳಿತಿದ್ದೆ.

ಸೋಮವಾರ ಸಂಜೆ ಏಳಕ್ಕೆ ಗಿರಿಜಾ ಪರದೆಯ ತುಂಬ ಬಂದಳು. ಕಿವಿಯ ಪಕ್ಕದ ಬಿಳಿ ಕೂದಲು ಕೂಡ ಕಾಣುತ್ತಿತ್ತು. ಊಟಕ್ಕೇನು ಮಾಡಿಕೊಂಡಿರಿ ಎಂದು ಕೇಳಿದಳು. ‘ರೊಟ್ಟಿ’ ಎನ್ನುವಷ್ಟರಲ್ಲಿ ಅವಳು ಮಾಯವಾಗಿ ನೀಲಿ ಪರದೆ ಬಂತು, ಅದರ ಮೇಲೊಂದು ಅಳುಮೋರೆಯ ಗುರುತು. ನನ್ನ ರೊಟ್ಟಿಯನ್ನು ಅದೂ ತಿಂದಿತ್ತೇನೋ ಎನ್ನಿಸಿತು. ಮಂಗಳವಾರ ಇಪ್ಪತ್ತು ನಿಮಿಷ ನಡೆಯಿತು, ಬುಧವಾರ ಎರಡೇ ನಿಮಿಷ. ಹಾಳಾದ್ದಕ್ಕೆ ಒಂದು ಕ್ರಮವೂ ಇರಲಿಲ್ಲ. ಮಧ್ಯಾಹ್ನ ಧಾರಣೆ ನೋಡುವಾಗ ಒಮ್ಮೊಮ್ಮೆ ಹಸುವಿನಂತೆ ಇದ್ದುಬಿಡುತ್ತಿತ್ತು. ಕಾವು ಎಂದು ನನ್ನ ಕಸುಬು ಹೇಳಿತು. ಪಕ್ಕದ ತಗಡು ಬಿಚ್ಚಿ ಟೇಬಲ್ ಫ್ಯಾನನ್ನು ಅದಕ್ಕೆ ತಿರುಗಿಸಿ, ನಾನು ಬೆವರುತ್ತ ಕುಳಿತೆ. ಸ್ಟೆಬಿಲೈಸರ್ ತಂದೆ, ಪ್ಲಗ್ ಬದಲಿಸಿದೆ, ವಿಂಡೋಸನ್ನು ಎರಡು ಸಲ ಅಳಿಸಿ ಮತ್ತೆ ಹಾಕಿದೆ. ಶನಿವಾರ ಬಂದ ಗಿರಿಜಾ ಇದು ಯಾರದೋ ದೃಷ್ಟಿಯೇ ಸರಿ ಎಂದು, ನಾನು ಒರೆಸಲಿಕ್ಕೆಂದು ಬಿಚ್ಚಿಟ್ಟಿದ್ದ ಭಾಗಗಳಿಗೆ ಇನ್ನೊಮ್ಮೆ ವಿಭೂತಿ ಎಳೆದಳು. ಈ ಸಲ ಇನ್ನೂ ದಪ್ಪಗೆ.

ಇಷ್ಟಾದರೂ ನಗುತ್ತಿದ್ದೆ. ನಗು ನಿಂತದ್ದು ಮರುವಾರ. ತೆಲಿಗಿಯ ಶಾಲೆಯಲ್ಲಿ ಹೆಡ್‌ಮಿಸ್ ಜಾಗ ಖಾಲಿಯಾಗಿತ್ತು. ತೆಲಿಗಿ ಎಂದರೆ ನಮ್ಮೂರಿನಿಂದ ಹೋಗಿ ಬಂದು ಮಾಡುವ ದಾರಿ. ವರ್ಗಾವಣೆ ಬೇಕಾದವರು ಶುಕ್ರವಾರದೊಳಗೆ ಬರೆದು ಕೊಡಬೇಕಿತ್ತು.

“ತೆಲಿಗಿ ಅಂತ ಬರೀಲೇನ್ರಿ, ಇಲ್ಲೇ ಇರ್ಲೇನು?” ಎಂದು ಸೋಮವಾರ ಕೇಳಿದಳು.

“ನಿನಗ ಹೆಂಗ ಬೇಕೋ ಹಂಗ ಮಾಡು” ಎಂದೆ.

ಇದಕ್ಕಿಂತ ದಡ್ಡ ಮಾತನ್ನು ನನ್ನ ಜನ್ಮದಲ್ಲಿ ಆಡಿಲ್ಲ. ದೊಡ್ಡ ಮನಸ್ಸು ತೋರಿಸುತ್ತಿದ್ದೇನೆ ಎಂದುಕೊಂಡಿದ್ದೆ. ಅವಳು ‘ಆತು’ ಎಂದಳು. ಆ ‘ಆತು’ ರಾತ್ರಿಯೆಲ್ಲ ಕಿವಿಯಲ್ಲೇ ಉಳಿಯಿತು. ನನಗೆ ಅವಳು ಬೇಕಾಗಿದ್ದಳು. ರೊಟ್ಟಿ ಬಡಿಯುವುದಕ್ಕಲ್ಲ, ಅದನ್ನು ವಕ್ರವಾಗಿಯಾದರೂ ನಾನೇ ಬಡಿಯುತ್ತೇನೆ. ಸಂಜೆ ಮಂಡಿಯಿಂದ ಬಂದು ಗೇಟಿನ ಚಿಲಕ ತೆಗೆಯುವಾಗ ಒಳಗಿನಿಂದ ‘ಬಂದ್ರೇನು’ ಎಂಬ ದನಿ ಕೇಳಬೇಕು, ಅಷ್ಟೇ. ಮೂವತ್ತು ವರ್ಷ ಕೇಳಿದ ಮಾತು ಅದು. ಇದನ್ನು ಮಂಗಳವಾರ ಹೇಳಬೇಕೆಂದು ಬಾಯಿ ತೆರೆದೆ, ನೀಲಿ ಪರದೆ. ಬುಧವಾರ ಗಂಟಲು ಸರಿಮಾಡಿಕೊಂಡೆ, ನೀಲಿ ಪರದೆ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀರಿ. ನಿಜ. ಆದರೆ ಪರದೆ ನೀಲಿಯಾದಾಗ ನನ್ನೊಳಗಿನ ಅರ್ಧ ಮನುಷ್ಯ, ಸದ್ಯ ಇವತ್ತಿಗೆ ಪಾರಾದೆ ಎಂದು ನಿಟ್ಟುಸಿರು ಬಿಡುತ್ತಿದ್ದ.

ಗುರುವಾರ ಮಂಡಿಗೆ ಅರ್ಧ ದಿನ ರಜೆ ಹೇಳಿ, ಬಸ್‌ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಕೊಟ್ರೇಶಪ್ಪನನ್ನು ಮನೆಗೆ ಕರೆತಂದೆ. ಕಾವು ಹಿಡಿದಿದೆ ಎಂಬ ನನ್ನ ವರದಿಯನ್ನು ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ರ‍್ಯಾಮ್ ಪಟ್ಟಿ ಎಳೆದು ಬೆಳಕಿಗೆ ಹಿಡಿದ.

“ಯಜಮಾನ್ರ, ಇದಕ್ಕ ವಿಭೂತಿ ಯಾರು ಹಚ್ಯಾರ್ರಿ?”

ಬಂಗಾರದಂಚಿನ ಮೇಲೆ ಮೂರು ಬಿಳಿ ಗೆರೆ ಒಣಗಿ ಕುಳಿತಿದ್ದವು. ಅಲ್ಲಿ ಕರೆಂಟು ಒಮ್ಮೆ ಹಾಯುತ್ತದಂತೆ, ಒಮ್ಮೆ ಹಾಯುವುದಿಲ್ಲವಂತೆ. ರಬ್ಬರಿನಿಂದ ಉಜ್ಜಿದರೆ ಸರಿಹೋಗುತ್ತದೆ ಎಂದು ಅವನು ಜೇಬಿಗೆ ಕೈ ಹಾಕಿದ. ನನಗೆ ಯಾಕೋ ತಡೆಯಲಾಗಲಿಲ್ಲ. ನಾನೇ ಉಜ್ಜುತ್ತೇನೆ ಎಂದು ರಬ್ಬರ್ ಇಸಿದುಕೊಂಡೆ. ಗೆರೆಗಳ ಅಗಲ ಅವಳ ಬೆರಳುಗಳಷ್ಟೇ ಇತ್ತು. ಒಂದೊಂದಾಗಿ ಅಳಿಸುವಾಗ ಕಣ್ಣು ಮಂಜಾಯಿತು. ಕೊಟ್ರೇಶಪ್ಪ ಮರ್ಯಾದಸ್ಥ, ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತ. ಡಬ್ಬಿಯ ಮೇಲಿನ ಗೆರೆಗಳನ್ನು ಮಾತ್ರ ಹಾಗೇ ಬಿಟ್ಟೆ.

ಸಂಜೆ ಏಳಕ್ಕೆ ಗಿರಿಜಾ ಬಂದಳು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಕಂಪ್ಯೂಟರ್ ಬಂಡೆಯಂತೆ ನಿಂತಿತ್ತು. ನನಗೆ ಬಚ್ಚಿಟ್ಟುಕೊಳ್ಳಲು ಇನ್ನು ಜಾಗವಿರಲಿಲ್ಲ.

“ತೆಲಿಗಿ ಅಂತ ಬರಿ” ಎಂದೆ. “ನೀನಿಲ್ಲದ ಮನಿ ನನಗ ಸೇರವಲ್ದು.”

ಅವಳು ಕೆನ್ನೆಗೆ ಕೈಯಿಟ್ಟುಕೊಂಡು ಹಾಗೇ ಇದ್ದಳು. ರೆಪ್ಪೆ ಆಡಲಿಲ್ಲ, ತುಟಿ ಆಡಲಿಲ್ಲ. ಹತ್ತರವರೆಗೆ ಎಣಿಸಿದೆ. ಮತ್ತೆ ಕೆಟ್ಟಿತಲ್ಲ ಎಂದು ಕೊಟ್ರೇಶಪ್ಪನನ್ನು ಮನಸ್ಸಿನಲ್ಲೇ ಬೈದು, ಬಗ್ಗಿ ರೀಸ್ಟಾರ್ಟ್ ಗುಂಡಿ ಒತ್ತಿದೆ. ಪರದೆ ಕಪ್ಪಾಗುವ ಕೊನೆಯ ಗಳಿಗೆಯಲ್ಲಿ ಅವಳು ಸೆರಗಿನಂಚನ್ನು ಕಣ್ಣಿಗೆ ಒತ್ತಿಕೊಂಡದ್ದು ಕಾಣಿಸಿತು.

ಕಂಪ್ಯೂಟರ್ ಮತ್ತೆ ಏಳುವಷ್ಟರಲ್ಲಿ ಅಡುಗೆಮನೆಯಲ್ಲಿಟ್ಟಿದ್ದ ಫೋನು ರಿಂಗಾಯಿತು.

“ನಾ ಹೂಂ ಅನ್ನೋದ್ರೊಳಗ ಎಲ್ಲಿ ಹೋದ್ರಿ? ಬರೀತೀನಿ ಅಂದೆ. ಕೇಳ್ಸಿತೇನು?”

ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು ಎಂದೆ. ಫೋನು ಚೆನ್ನಾಗಿಯೇ ಕೇಳಿಸುತ್ತಿತ್ತು.