ಯೋತಾಮುವಿನ ಏಳು ಇಲಿಗಳು

ಅವತ್ತಿನ ಅನಾಹುತಕ್ಕೆಲ್ಲ ಮೂಲ ಯೋತಾಮು ಸಕಾಲನ ಬುತ್ತಿ. ಅದರಲ್ಲಿ ಮೆಕ್ಕೆಜೋಳದ ಮುದ್ದೆಯ ಜೊತೆಗೆ, ಉಪ್ಪು ಹಾಕಿ ಬೇಯಿಸಿ, ಕಡ್ಡಿಗೆ ಸಾಲಾಗಿ ಸಿಕ್ಕಿಸಿ ಒಣಗಿಸಿದ ಹೊಲದ ಏಳು ಇಲಿಗಳಿದ್ದವು.

ಯೋತಾಮು ಸೈಕಲ್ ರಿಪೇರಿಯವನು. ಲುವಾಂಗ್ವಾ ನದಿಯ ಈ ದಡದಲ್ಲಿ ಅವನ ಹಳ್ಳಿ, ಆ ದಡದಲ್ಲಿ ವನ್ಯಪ್ರಾಣಿಗಳ ಉದ್ಯಾನ. ಐವತ್ತು ವರ್ಷ ಪ್ರವಾಸಿಗಳ ಜೀಪು ಎಬ್ಬಿಸಿದ ಧೂಳು ಕುಡಿದಿದ್ದನೇ ಹೊರತು ಸೇತುವೆ ದಾಟಿರಲಿಲ್ಲ. ಪ್ರಾಣಿಗಳು ಮಾತ್ರ ಟಿಕೆಟ್ಟಿಲ್ಲದೆ ಈಚೆಗೆ ಬರುತ್ತಿದ್ದವು. ಕಳೆದ ಗುರುವಾರ ಎಡಗಿವಿ ಹರಿದ ಸಲಗವೊಂದು ಬಂದು ಅವನ ಕಣಜವನ್ನು ಮೊಟ್ಟೆ ಒಡೆದಂತೆ ಒಡೆದು, ವರ್ಷದ ಜೋಳದಲ್ಲಿ ತಿಂದಷ್ಟು ತಿಂದು ಉಳಿದದ್ದನ್ನು ತುಳಿದಿತ್ತು. ಆಮೇಲೆ ನೆರೆಯ ಐದು ಕಣಜಗಳಿಗೂ ಅದೇ ಗತಿ ಕಾಣಿಸಿತ್ತು. ಬದಲಿ ಜೋಳ ಕೊಡಿ ಎಂದು ಉದ್ಯಾನದ ಕಚೇರಿಗೆ ಆರು ಅರ್ಜಿ ಹೋದವು. "ಆನೆ ದೇಶದ ಸಂಪತ್ತು. ಪರಿಶೀಲಿಸುತ್ತೇವೆ" ಎಂಬ ಉತ್ತರ ಬಂತು.

"ಅದು ನಮ್ಮನೆಗೆ ಬಂದು ಉಂಡು ಹೋಯ್ತು. ನಾನೂ ಒಂದ್ಸಲ ಅದರ ಮನೆಗೆ ಹೋಗ್ತೀನಿ," ಎಂದ ಯೋತಾಮು. "ಟಿಕೆಟ್ ತಗೊಂಡು, ಜೀಪಲ್ಲಿ ಕಾಲ್ಮೇಲೆ ಕಾಲ್ ಹಾಕ್ಕೊಂಡು ನೋಡ್ತೀನಿ. ದೇಶದ ಸಂಪತ್ತಂತೆ! ದೇಶ ಅಂದ್ರೆ ನಾನಲ್ವಾ?"

"ದೇಶ ಸ್ನಾನ ಮಾಡ್ಕೊಂಡು ಹೋಗ್ಲಿ," ಎಂದಳು ಹೆಂಡತಿ ಎಸ್ನಾತಿ.

ಪಕ್ಕದ ಮನೆಯ ನ್ಯಾಂಗೋಮಾ ಬೇಲಿಯ ಮೇಲಿಂದ ಕತ್ತು ಚಾಚಿದಳು. "ಸಾಹೇಬ್ರು ಸಿಕ್ಕಿದ್ರೆ ನಮ್ಮ ಜೋಳದ ವಿಷ್ಯಾನೂ ಕೇಳಪ್ಪಾ. ಬಾಯಿಮಾತು ಬೇಡ, ಏನಿದ್ರೂ ಬರೆಸ್ಕೊಂಡು ಬಾ."

ಸೇತುವೆಯಾಚೆ ಉದ್ಯಾನದ ಗೇಟಿನಲ್ಲಿ ಕಾವಲುಗಾರ ಕಪೆಂಬ್ವಾ ಇದ್ದ. ಅವನು ಬೆಂಬಾ ಕುಲದವನು, ಯೋತಾಮು ಎಂಗೋನಿ ಕುಲದವನು. ಅಜ್ಜಂದಿರ ಕಾಲದಲ್ಲಿ ಭರ್ಜಿ ಹಿಡಿದು ಬಡಿದಾಡಿದ ಎರಡು ಕುಲಗಳೂ ಈಗ ಒಬ್ಬರನ್ನೊಬ್ಬರು ಗೇಲಿ ಮಾಡುವ ಭಾವಂದಿರು. ಭಾವ ಏನೇ ಅಂದರೂ ಸಿಟ್ಟಾಗುವಂತಿಲ್ಲ, ಸಿಟ್ಟಾದವನೇ ಸೋತ.

"ಬಂದ್ಯೇನೋ ಇಲಿ ತಿನ್ನೋನೇ!"

"ಬಂದೆ ಕಣೋ ಕೋತಿ ತಿನ್ನೋನೇ. ಒಳಗೆ ಒಂದಾದ್ರೂ ಕೋತಿ ಉಳಿಸಿದ್ದೀಯೋ, ಎಲ್ಲಾ ಮುಗಿಸಿದ್ಯೋ?"

ಕಪೆಂಬ್ವಾ ಬುತ್ತಿ ಬಿಚ್ಚಿ ನೋಡಿದ. ಅವನ ಮುಖ ಹಬ್ಬದಂತಾಯಿತು. ಸೀಟಿ ತೆಗೆದು ನದಿಗೆಲ್ಲ ಕೇಳುವ ಹಾಗೆ ಊದಿದ. "ಕಳ್ಳಬೇಟೆ! ಏಳು ಪ್ರಾಣಿ! ಕೈ ಮೇಲೆತ್ತು ಭಾವಾ!"

ಯೋತಾಮು ಎರಡೂ ಕೈ ಎತ್ತಿ ಸೊಂಟ ಕುಣಿಸಿದ. ಅಷ್ಟರಲ್ಲಿ ಬೆನ್ನ ಹಿಂದೆ ಬೂಟಿನ ಸದ್ದಾಯಿತು. ಸೋಮವಾರವಷ್ಟೇ ರಾಜಧಾನಿ ಲುಸಾಕಾದಿಂದ ವರ್ಗವಾಗಿ ಬಂದ ಅಧಿಕಾರಿ ಸಿಯಾಮೆ ಸಾಹೇಬರು.

"ಸೀಟಿ ಯಾಕೆ ಊದಿದೆ?"

"ತಮಾಷೆಗೆ ಸಾರ್."

"ಸರ್ಕಾರಿ ಸೀಟಿ ತಮಾಷೆಗೆ ಊದಿದ್ಯಾ?"

ಕಪೆಂಬ್ವಾನ ಕಣ್ಣ ಮುಂದೆ ಅವನ ಕೆಲಸ, ಹೆಂಡತಿ, ಆರು ಮಕ್ಕಳು ಸಾಲಾಗಿ ಹಾದುಹೋದರು. "ಇಲ್ಲ ಸಾರ್. ನಿಜವಾದ ಕಳ್ಳಬೇಟೆ."

ಯೋತಾಮುವನ್ನು ಕಚೇರಿಗೆ ಕರೆದೊಯ್ದರು. ಅವನು ಹತ್ತಬೇಕಿದ್ದ ಜೀಪು ಕಿಟಕಿಯ ಆಚೆ ಧೂಳೆಬ್ಬಿಸಿಕೊಂಡು ಹೊರಟುಹೋಯಿತು.

"ಕಾಡುಪ್ರಾಣಿ ಎಲ್ಲೇ ಇದ್ರೂ ಉದ್ಯಾನದ ಸ್ವತ್ತು," ಎಂದರು ಸಾಹೇಬರು. "ಕೇಸು ಹಾಕ್ಬೇಕಾಗುತ್ತೆ."

"ಹಾಕಿ! ನಿಮ್ಮ ಇಲಿ ಮೂರು ತಿಂಗಳು ನನ್ನ ಹೊಲ ಮೇಯ್ದ್ರೆ ಸಂಪತ್ತು, ನಾನು ಇಲಿ ತಿಂದ್ರೆ ಕಳ್ಳತನಾನಾ? ನಿಮ್ಮ ಲಾಡ್ಜಲ್ಲಿ ಬಿಳಿಯರ ತಟ್ಟೇಲಿ ಮೊಸಳೆ ಮಾಂಸ ಇರುತ್ತಲ್ಲ, ಅದಕ್ಕೆ ಯಾರು ಸೀಟಿ ಊದ್ತಾರೆ?"

"ಅದಕ್ಕೆ ಪರವಾನಗಿ ಇದೆ."

"ನಮ್ಮಜ್ಜನ ಗುಡಿಸಲು ಇದೇ ದಡದಲ್ಲಿತ್ತು. ಅವನನ್ನ ಎಬ್ಬಿಸಿ ಆಚೆ ಎಸೆದಾಗ ಯಾವ ಪರವಾನಗಿ ತೋರಿಸಿದ್ರಿ? ಕೇಳಿ ಸಾಹೇಬ್ರೇ. ನನ್ನ ನೆಲದಲ್ಲಿ ಮೇಯ್ದದ್ದು ನನ್ನದು. ಇಲಿಯಾಗ್ಲಿ, ಇನ್ನೇನೇ ಆಗ್ಲಿ! ಇದನ್ನ ಬರೆದು ಕೊಡೋವರೆಗೂ ಇಲ್ಲಿಂದ ಏಳಲ್ಲ."

ನೆಲದ ಮೇಲೆ ಕೂತೇಬಿಟ್ಟ. ಅವನನ್ನು ಎಬ್ಬಿಸಲು ಬಂದ ಇಬ್ಬರು ಸುಸ್ತಾಗಿ ಅವನ ಪಕ್ಕದಲ್ಲೇ ಕೂತರು. ಸಾಹೇಬರು ತಲೆ ಹಿಡಿದುಕೊಂಡು ಮೇಜು ನೋಡಿದರು. ಮೇಜಿನ ಮೇಲೆ ಆರು ಅರ್ಜಿಗಳಿದ್ದವು. ಮೆಲ್ಲಗೆ ಅವರ ಮುಖ ಕರೆಂಟು ಬಂದ ಮನೆಯಂತೆ ಬೆಳಗಿತು.

"ಸರಿ ಸಕಾಲ. ನೀನು ಗೆದ್ದೆ," ಎನ್ನುತ್ತಾ ಮುತ್ತಿನಂಥ ಅಕ್ಷರದಲ್ಲಿ ಬರೆದರು: ಯೋತಾಮು ಸಕಾಲನ ನೆಲದಲ್ಲಿ ಮೇಯ್ದ ಕಾಡುಪ್ರಾಣಿ ಯಾವುದೇ ಇರಲಿ, ಅದು ಆತನದೇ. ಕೆಳಗೆ ಎರಡು ಮೊಹರು, ಇಬ್ಬರ ಸಹಿ.

ಯೋತಾಮು ಗೇಟಿನಲ್ಲಿ ಕೂತು ರಾಜನಂತೆ ಇಲಿ ತಿಂದ. ತಲೆ ತಗ್ಗಿಸಿ ನಿಂತಿದ್ದ ಕಪೆಂಬ್ವಾನಿಗೂ ಎರಡು ಕೊಟ್ಟ. ಉದ್ಯಾನದಲ್ಲಿ ಅವನು ನೋಡಿದ್ದು ಒಂದು ಕೊಕ್ಕರೆ ಮಾತ್ರ. ಆದರೇನು? ಸರ್ಕಾರ ಅವನ ಮುಂದೆ ಬಗ್ಗಿ ಬರೆದುಕೊಟ್ಟಿತ್ತು. ಸಂಜೆ ಕಾಗದವನ್ನು ಬಾವುಟದಂತೆ ಬೀಸುತ್ತಾ ಊರು ಸೇರಿದ.

ಅಂಗಳದಲ್ಲಿ ಐವರು ಹೆಂಗಸರು ಖಾಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದರು.

"ಬಾಪ್ಪಾ ಆನೆ ಧಣಿ," ಎಂದಳು ನ್ಯಾಂಗೋಮಾ.

"ಯಾವ ಆನೆ?"

"ಮಧ್ಯಾಹ್ನ ಕಚೇರಿಯವರು ಜೀಪಲ್ಲಿ ಬಂದು ಅರ್ಜಿಗಳನ್ನೆಲ್ಲ ವಾಪಸ್ ಕೊಟ್ಟು ಹೋದ್ರು. ಹರಿದ ಕಿವಿ ಆನೆ ಮೊದ್ಲು ಮೇಯ್ದಿದ್ದು ನಿನ್ನ ಕಣಜದಲ್ಲಂತೆ. ಅಲ್ಲಿಂದ ಅದು ನಿನ್ನ ಆನೆಯಂತೆ. ನೀನೇ ಜಗಳ ಮಾಡಿ ಬರೆಸ್ಕೊಂಡಿದ್ದೀಯಂತೆ. ನಿನ್ನ ಆನೆ ತಿಂದ ನಮ್ಮ ಜೋಳ ಎಲ್ಲಿ?"

ಯೋತಾಮು ಕಾಗದವನ್ನು ಓದಿದ, ತಿರುಗಿಸಿ ಓದಿದ. ಹಿಂದುಗಡೆ ಖಾಲಿಯಿತ್ತು.

"ಮತ್ತೆ ನಮ್ಮನೆ ಜೋಳ?" ಎಂದ.

"ನಿಮ್ಮ ಆನೆ ನಿಮ್ಮ ಜೋಳ ತಿಂದಿದೆ," ಎಂದಳು ಎಸ್ನಾತಿ ಬಾಗಿಲಲ್ಲಿ ನಿಂತು. "ಅದನ್ನ ಯಾರ ಹತ್ರ ಹೇಳ್ತೀರಿ?"

ನದಿಯಲ್ಲಿ ದಪದಪ ಸದ್ದಾಯಿತು. ಹರಿದ ಕಿವಿ ಬೀಸುತ್ತಾ ಸಲಗ ದಡ ಹತ್ತಿತು. "ಯೋತಾಮೂ, ನಿಂದು ಬಂತು ನೋಡೋ!" ಎಂದು ಕೂಗುತ್ತಾ ಹೆಂಗಸರು ಬುಟ್ಟಿ ಬಿಟ್ಟು ಓಡಿದರು. ಆನೆ ಮುರಿದ ಕಣಜದೊಳಗೆ ಸೊಂಡಿಲಾಡಿಸಿತು. ಏನೂ ಸಿಗದೆ ಮನೆಯ ಮಾಡಿನ ಹುಲ್ಲು ಕೀಳಲು ಶುರುಮಾಡಿತು.

ಎಲ್ಲರೂ ಓಡಿದರೂ ಯೋತಾಮು ಓಡಲಿಲ್ಲ. ಕಾಗದವನ್ನು ಕೋಲಿನಂತೆ ಸುರುಳಿ ಸುತ್ತಿ ಅಂಗಳದ ನಡುವೆ ನಿಂತ.

"ಬಡವನ ಮಾಡಲ್ಲಿ ಏನಿದ್ಯೋ? ನಡಿ, ಸೇತುವೆ ದಾಟೋಣ! ಸಾಹೇಬ್ರ ಮನೆ ಹಿಂದೆ ಸರ್ಕಾರಿ ಉಗ್ರಾಣ ಇದೆ. ಬಾಗಿಲು ಮುರಿದು ಹೊಟ್ಟೆ ತುಂಬ ತಿನ್ನು. ಅವರ ನೆಲದಲ್ಲಿ ತಿಂದ್ರೆ ನೀನು ಅವರವನಾಗ್ತೀಯ. ಅದನ್ನೂ ಅವರ ಕೈಲೇ ಬರೆಸ್ತೀನಿ, ಎರಡು ಮೊಹರು ಹಾಕಿಸ್ತೀನಿ! ನಡಿಯೋ!"

ಆನೆ ಕದಲಲಿಲ್ಲ. ಧಣಿಯ ಮನೆಯ ಹುಲ್ಲು ಅದಕ್ಕೆ ಹಿಡಿಸಿತ್ತು.