ಗಟ್ಟಿಮೇಳಕ್ಕೆ ಮುಂಚೆ ಒಂದು ಅನುಮಾನ

ಮದುವೆ ಮನೆಯಾಗೆ ವಾಲಗ ಊದೋರಿಗೆ ನಗೋ ಪ್ರಸಂಗಗಳಿಗೇನೂ ಕಮ್ಮಿ ಇಲ್ಲ. ನಗೋಕೆ ಬಾಯಿ ಖಾಲಿ ಇರಲ್ಲ, ಅಷ್ಟೇ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಇಪ್ಪತ್ತು ವರ್ಷದಿಂದ ಊದ್ತಾ ಇದೀನಿ. ನಮ್ಮ ಸೆಟ್ಟಿನಾಗೆ ನಾಲ್ಕು ಜನ. ಮೂವರಿಗೆ ಅನುಮಾನ ಅಂದ್ರೇನು ಅಂತಾನೇ ಗೊತ್ತಿಲ್ಲ, ತಪ್ಪು ನುಡಿಸಿದ್ರೂ ಜೋರಾಗೇ ನುಡಿಸ್ತೀವಿ. ನಾಲ್ಕನೆಯೋನು ಡೋಲಿನೋನು. ನಮ್ಮ ಮೂವರ ಪಾಲಿನ ಅನುಮಾನಾನೂ ದೇವರು ಅವನೊಬ್ಬನಿಗೇ ಕಟ್ಟಿ ಕಳಿಸಿದಾನೆ.

೧. ನೊಣ

ತಾಳಿ ಕಟ್ಟೋ ಹೊತ್ತಿಗೆ ಪುರೋಹಿತರು ಬೆರಳೆತ್ತಿ ಗಟ್ಟಿಮೇಳ ಅಂತಾರೆ. ಡೋಲು ಶುರು ಮಾಡ್ಬೇಕು, ನಾವು ಜೋರಾಗಿ ಊದ್ಬೇಕು, ಜನ ಅಕ್ಷತೆ ಹಾಕ್ಬೇಕು. ಇದರಾಗೆ ತಿಳಿಯದೇ ಇರೋಂಥದ್ದು ಏನೂ ಇಲ್ಲ. ಚಳ್ಳಕೆರೆಯ ಒಂದು ಮದುವೆಯಾಗೆ ನಮ್ಮೋನು, ಎಲ್ಲಿ ತಪ್ಪಿಹೋಗುತ್ತೋ ಅಂತ ಬೆಳಗ್ಗೆಯಿಂದ ಪುರೋಹಿತರ ಬೆರಳನ್ನೇ ನೋಡ್ತಾ ಕೂತಿದ್ದ. ಅವರು ಮೂಗಿನ ಮೇಲಿನ ನೊಣ ಓಡಿಸೋಕೆ ಕೈ ಎತ್ತಿದ್ರು. ಇವನು ಬಾರಿಸೇಬಿಟ್ಟ. ಡೋಲು ಶುರುವಾದ್ಮೇಲೆ ನಾವು ಸುಮ್ನಿರಾಕಾಗುತ್ತಾ, ಊದಿದ್ವಿ. ಜನಾನೂ ಅಕ್ಷತೆ ತೂರಿದ್ರು. ಗಂಡು ಹೆಣ್ಣು ಇಬ್ಬರೂ ಇನ್ನೂ ಬಂದೇ ಇರಲಿಲ್ಲ. ಹಸೆಮಣೆ ಸರಿ ಮಾಡ್ತಿದ್ದ ಗಂಡಿನ ಸೋದರಮಾವನ ತಲೆ ಮೇಲೆ ಬಿತ್ತು ಅಷ್ಟೂ. ಮದುವೆ ಇಲ್ದೆ ಐವತ್ತು ದಾಟಿದ ಮನುಷ್ಯ. ಆತ ಅಕ್ಷತೆ ಕೊಡವಿಕೊಂಡು ನಮ್ಮೋನ ಹತ್ರ ಬಂದು ಮೆಲ್ಲಗೆ ಕೇಳಿದ, "ಮುಹೂರ್ತ ಆಯ್ತಲ್ಲ ತಮ್ಮ, ಹೆಣ್ಣೆಲ್ಲಿ?"

೨. ಎಲೆ ಅಡಿಕೆ

ಅವತ್ತೇ ಡೋಲು ತಂದು ನನ್ನ ಕಾಲ ಹತ್ರ ಇಟ್ಟ. ಅದರ ಮೇಲೆ ಎಲೆ ಅಡಿಕೆ ಇಟ್ಟು ಕೈ ಮುಗಿದು, "ಅಣ್ಣ, ನನ್ನ ಕೈಲಾಗಲ್ಲ, ಬೇರೆ ಯಾರನ್ನಾದ್ರೂ ನೋಡ್ಕ" ಅಂದ. ಸೀಸನ್ ನಡುವೆ ಡೋಲಿನೋನ್ನ ಎಲ್ಲಿ ಹುಡುಕ್ಲಿ? ಎಲೆ ಅಡಿಕೆ ಬಾಯಿಗೆ ಹಾಕ್ಕಂಡು, ಡೋಲು ತಿರುಗಿ ಅವನ ಕೊರಳಿಗೇ ಹಾಕಿದೆ. ಮುಂದಿನ ವಾರ ತಳಕಿನ ಒಂದು ಮದುವೆಯಾಗೆ ಮತ್ತೆ ತಂದಿಟ್ಟ. ತಪ್ಪೇನೂ ಆಗಿರಲಿಲ್ಲ, ಆಗಬಹುದು ಅನ್ನಿಸ್ತಂತೆ. ಅದರ ಮುಂದಿನ ಮದುವೆಯಾಗೆ ಯಾರೋ ಚೆನ್ನಾಗಿ ಬಾರಿಸಿದೆ ಅಂದ್ರಂತೆ, ಗೇಲಿ ಮಾಡಿದ್ರೇನೋ ಅಂತ ತಂದಿಟ್ಟ. ಆ ಸೀಸನ್ನಿನಾಗೆ ನಾನು ಎಲೆ ಅಡಿಕೆ ಕೊಂಡಿದ್ದೇ ಇಲ್ಲ.

೩. ಸೀನು

ಮೊಳಕಾಲ್ಮೂರಿನಾಗೆ ಒಬ್ಬ ನೇಕಾರರ ಮನೆ ಮದುವೆ. ಸರಿಯಾಗಿ ಗೊತ್ತಾಗೋವರೆಗೂ ಬಾರಿಸಬಾರದು ಅಂತ ಇವನು ಶಪಥ ಮಾಡ್ಕಂಡು ಬಂದಿದ್ದ. ಪುರೋಹಿತರು ಗಟ್ಟಿಮೇಳ ಅಂದ್ರು. ಇವನು ನನ್ನ ಮುಖ ನೋಡಿದ. ನನ್ನ ಬಾಯಾಗೆ ವಾಲಗ, ಬಾರಿಸೋ ಅಂತ ಕಣ್ಣು ಬಿಟ್ಟೆ. ಬ್ಯಾಡ ಅಂತ ಗದರಿಸಿದ್ನೇನೋ ಅಂದ್ಕಂಡು ಕೈ ಕಟ್ಟಿ ಕೂತ. ತಾಳಿ ಸದ್ದುಗದ್ದಲ ಇಲ್ದೆ ಕೊರಳಿಗೆ ಬಿತ್ತು. ಅಪಶಕುನದ ಸದ್ದು ಕೇಳಬಾರದು ಅಂತ ತಾನೇ ಗಟ್ಟಿಮೇಳ ಇರೋದು? ಅದೇ ಗಳಿಗೆಗೆ ಹೆಣ್ಣಿನ ತಾತ ಸೀನಿದ. ಸೀನು ಅಂದ್ರೆ ಮಂಟಪದ ಹೂವು ಅಲ್ಲಾಡೋ ಹಂಗೆ.

ಒಬ್ಬ ಅಜ್ಜಿ "ಏಮಯ್ಯಾ, ನಿದ್ರಪೋಯಾವಾ?" ಅಂತ ತೆಲುಗಿನಾಗೆ ಇವನ್ನ ಉಗಿದಳು, ನಿದ್ದೆ ಹೋಗಿದ್ಯಾ ಅಂತ. ನನ್ನ ಹತ್ರ ಬಂದ್ರೆ ಎಲೆ ಅಡಿಕೆ ಜೊತೆ ರಾಜೀನಾಮೇನೂ ಅಗಿದು ನುಂಗ್ತೀನಿ ಅಂತ ಗೊತ್ತಿತ್ತಲ್ಲ, ಸೀದಾ ಆ ತಾತನ ಮುಂದೆ ಹೋಗಿ ಡೋಲು ಇಟ್ಟು, ಇನ್ಮೇಲೆ ಬಾರಿಸಲ್ಲ ಅಂದ. ತಾತ ಮೂಗು ಒರೆಸ್ಕಂಡು ಹೇಳಿದ್ದು ಇಷ್ಟು: "ಪ್ರತಿ ಮದುವೆಯಾಗೂ ಸೀನ್ತೀನಿ ನಾಯನಾ. ಹಂಗಂತ ಊಟಕ್ಕೆ ಹೋಗೋದು ಬಿಟ್ಟಿದೀನಾ?"

೪. ಕೇಳಿದ್ದು

ಬರೋ ದಾರಿಯಾಗೆ ನಾನು ಖಡಾಖಂಡಿತ ಹೇಳಿದೆ. ಅನುಮಾನ ಬಂದ್ರೆ ಬಾಯಿ ಬಿಟ್ಟು ಕೇಳು. ಇನ್ನೊಂದ್ಸಲ ಎಡವಟ್ಟಾದ್ರೆ ನೀನು ಬಿಡ್ತೀನಿ ಅನ್ನೋದೇನು, ನಾನೇ ಕಳಿಸ್ತೀನಿ ಅಂತ. ಆಗ ಅವನ ಮುಖ ನೋಡಬೇಕಿತ್ತು. ಬಿಡ್ತೀನಿ ಬಿಡ್ತೀನಿ ಅಂತ ಕುಣಿಯೋನಿಗೆ ಡೋಲು ಬಿಟ್ರೆ ಬೇರೆ ಕೆಲಸ ಬರಲ್ಲ. ನಿಜ ಹೇಳ್ತೀನಿ, ನನಗೇ ಪಾಪ ಅನ್ನಿಸ್ತು.

ಮುಂದಿನ ಮದುವೆ ಚಳ್ಳಕೆರೆಯಾಗೆ. ಗಂಡಿಗೆ ಕುದಾಪುರದ ಕಡೆ ಒಂದು ದೊಡ್ಡ ಕ್ಯಾಂಪಸ್ಸಿನಾಗೆ ಕೆಲಸ. ಏನು ಕೆಲಸ ಅಂತ ಕೇಳಿದ್ರೆ, ದೇಶದ ಗುಟ್ಟು, ಹೇಳಂಗಿಲ್ಲ ಅಂತ ಹೆಣ್ಣಿನ ಅಪ್ಪ ಮೀಸೆ ತಿರುವ್ತಿದ್ದ. ಪುರೋಹಿತರು ಗಟ್ಟಿಮೇಳ ಅಂದ್ರು. ನಮ್ಮೋನು ಎದ್ದ. ಡೋಲು ಕೊರಳಿಗೆ ಹಾಕ್ಕಂಡೇ ಮಂಟಪಕ್ಕೆ ಹೋಗಿ, ಪುರೋಹಿತರನ್ನ ಬಿಟ್ಟು, ಗಂಡನ್ನೂ ಬಿಟ್ಟು, ಮದುವಣಗಿತ್ತಿನ್ನೇ ಕೇಳಿದ, "ಬಾರಿಸ್ಲೇನವ್ವ?"

ಹುಡುಗಿ ತಲೆ ಎತ್ತಿ, "ಬ್ಯಾಡಣ್ಣ" ಅಂದಳು.

ಅವಳ ಅವ್ವ ಬಾಯಿಗೆ ಸೆರಗು ಹಾಕ್ಕಂಡಳು. ಏನಮ್ಮ ಇದು ಅಂತ ಅಪ್ಪ ಗದರಿದ್ದಕ್ಕೆ ಹುಡುಗಿ ಸಮಾಧಾನವಾಗೇ ಹೇಳಿದಳು, "ಸೀರೆ ಯಾವ ಬಣ್ಣ ಅಂತ ಕೇಳಿದ್ರಿ. ಊಟಕ್ಕೆ ಹೋಳಿಗೆನಾ ಜಾಮೂನಾ ಅಂತ ಕೇಳಿದ್ರಿ. ಇದೊಂದನ್ನ ಕೇಳಿದ್ದು ಈ ಅಣ್ಣ ಒಬ್ಬನೇ."

ಅಪ್ಪನ ಸಿಟ್ಟೆಲ್ಲ ಡೋಲಿನೋನ ಮೇಲೆ ತಿರುಗ್ತು. ಬಾರಿಸೋ ಲೇ ಅಂತ ಅಬ್ಬರಿಸಿದ. ನಮ್ಮೋನು ಕೋಲು ಕಂಕುಳಿಗೆ ಸಿಗಿಸ್ಕಂಡು ಹೇಳಿದ, "ಇಲ್ರಿ ಯಜಮಾನ್ರೆ. ನಂಗೆ ಎಲ್ಲದ್ರಾಗೂ ಅನುಮಾನ. ಆ ತಾಯಿ ಬ್ಯಾಡ ಅಂದಿದ್ರಾಗೆ ಮಾತ್ರ ಇಲ್ಲ."

ಇವನ್ನ ಈಗಲೇ ತೆಗೀರಿ ಅಂತ ಅಪ್ಪ ನನ್ನ ಮೇಲೆ ಬಿದ್ದ. ಆಗಲ್ಲ ಅಂದೆ. ಇಷ್ಟು ದಿನ ಇವನ್ನ ಆಡ್ಕಂಡು ನಕ್ಕಿದ್ದಕ್ಕೆ ಅವತ್ತು ನಾಚಿಕೆ ಆಯ್ತು. ಮದುವೆ ನಿಂತೋಯ್ತು. ಊಟ ಮಾತ್ರ ನಿಲ್ಲಲಿಲ್ಲ, ಗಂಡಿನ ಕಡೆಯೋರು ಉಂಡು ಕೈ ತೊಳೆದ ಮೇಲೇನೇ ಬಯ್ಯೋಕೆ ಶುರು ಮಾಡಿದ್ರು.

ಸುದ್ದಿ ಹಬ್ಬಿದ ಮೇಲೆ ನಮ್ಮನ್ನ ಇನ್ಯಾರು ಕರೀತಾರೆ ಅಂದ್ಕಂಡಿದ್ದೆ. ಕರೀತಾರೆ. ಆದರೆ ಗೊತ್ತು ಮಾಡೋಕೆ ಬರೋ ಹೆಣ್ಣಿನ ಅಪ್ಪಂದಿರೆಲ್ಲ ಮೊದಲು ಕೇಳೋದು, ಆ ಡೋಲಿನೋನು ಇನ್ನೂ ಇದಾನಾ ಅಂತ. ಇದಾನೆ ಅಂದ ಕೂಡಲೇ, ಸ್ವಲ್ಪ ಇರ್ರಿ, ಮನೆಗೆ ಹೋಗಿ ಹುಡುಗಿನ್ನ ಒಂದು ಮಾತು ಕೇಳ್ಕಂಡು ಬರ್ತೀವಿ ಅಂತ ಎದ್ದು ಹೋಗ್ತಾರೆ.