ಬೆಲ್ಲದ ಡಬ್ಬಿ ಮತ್ತು ವಿಜ್ಞಾನದ ಅಕ್ಕೋರು

ಸಾಲ್ಯಾಗ ಅಡಗಿ ಮಾಡೂ ಮಂದಿ ನಗಾಕ ಬ್ಯಾರೆ ಕಡೆ ಹೋಗೂ ಜರೂರ ಇಲ್ಲ. ಇಂಥಾ ಸುದ್ದಿ ಖಿಚಡಿ ಪಾತೇಲಿ ಹತ್ರ ತಾವ ನಡಕೊಂಡು ಬರತಾವ. ನಾ ಇಚಲಕರಂಜಿಯ ಒಂದು ಕನ್ನಡ ಸಾಲ್ಯಾಗ ಹನ್ನೆರಡು ವರ್ಷದಿಂದ ಮಕ್ಕಳಿಗೆ ಮಧ್ಯಾಹ್ನದ ಊಟ ಮಾಡಿ ಹಾಕತೇನಿ. ನಾ ಸಾಲಿ ಕಟ್ಟಿ ಹತ್ತಿದ್ದು ಒಲಿ ಸಲುವಾಗಿ, ಅಕ್ಷರದ ಸಲುವಾಗಿ ಅಲ್ಲ. ಮಕ್ಕಳು, ಮಾಸ್ತರು, ಎಲ್ಲಾರೂ ನನಗ ಆಯಿ ಅಂತಾರ. ಸುತ್ತ ನಾಕೂ ಕಡೆ ಮಗ್ಗದ ಖಟ್ ಖಟ್. ಅದರಾಗ ಮಕ್ಕಳು ಮಗ್ಗಿ ಒದರಬೇಕು, ನಾ ಒಗ್ಗರಣಿ ಕೊಡಬೇಕು.

ಈ ಸುದ್ದಿ ಆದ ವರ್ಷ ಮಾತ್ರ ನನಗ ನಗೂ ಹಂಗ ಇರಲಿಲ್ಲ. ಗಡಹಿಂಗ್ಲಜ ಕಡೆಯಿಂದ ಹೊಸಾ ಅಕ್ಕೋರು ಬಂದ್ರು, ವಿಜ್ಞಾನ ಹೇಳಾಕ. ಬಂದ ದಿನಾನ ಅಡಗಿಮನ್ಯಾಗ ಇಣಿಕಿ, "ಆಯಿ, ಇಲ್ಲಿ ಏನೇನ ಸಾಮಾನ ಅದಾವ್ರಿ?" ಅಂತ ಕೇಳಿದ್ರು. ಸಾಲಿ ಕಲಸೂ ಹೆಣಮಗಳಿಗೆ ನನ್ನ ಡಬ್ಬಿಗಳ ಉಸಾಬರಿ ಯಾಕ? ಅದ ತಿಂಗಳ, ಶನಿವಾರದ ಹುಗ್ಗಿಗೆ ಅಂತ ಕೊಲ್ಹಾಪುರದಿಂದ ತರಿಸಿದ ಬೆಲ್ಲ, ಡಬ್ಬಿಯೊಳಗ ಇದ್ದಲ್ಲೇ ಕರಗಾಕ ಹತ್ತಿತು. ಇರಿವಿ ತಿಂದಿದ್ರ ಇರಿವಿ ಕಾಣಬೇಕಲ್ಲ. ಕಾಣಲಿಲ್ಲ.

ಹೆಡ್ ಮಾಸ್ತರು ನನ್ನ ಕರದ್ರು. ಕೊಲ್ಹಾಪುರದಿಂದ ದಿನಾ ಮೊದಲ ಎಸ್ಟಿ ಬಸ್ಸಿಗೆ ಬಂದು, ಎಲ್ಲಾರಕಿಂತ ಮುಂಚೆ ಸಾಲಿ ಬಾಗಲಾ ತಗಿಯೂ ಮನಶಾ. "ಆಯಿ, ಡಬ್ಬಿ ನಿಮ್ಮ ತಾಬೇದಾಗ ಐತಿ. ದೀಪಾವಳಿ ಸೂಟಿಗಿಂತ ಮೊದಲ ಸಾಲಿ ಕಮಿಟಿಯವರು ಬರತಾರ. ಬೆಲ್ಲ ಎಲ್ಲಿ ಹೋತು ಅಂತ ಕೇಳಿದ್ರ ನಾ ಏನ ಹೇಳ್ಲಿ? ಒಲಿ ಬ್ಯಾರೆಯವರ ಕೈಗೆ ಕೊಡಬೇಕಾಗತೈತಿ ನೋಡ್ರಿ" ಅಂದ್ರು.

ಅವತ್ತಿನಿಂದ ಯಾರ ಬಾಯಿ ಅಲ್ಲಾಡಿದ್ರೂ ನನಗ ಬೆಲ್ಲ ತಿಂದಂಗ ಕಾಣಾಕ ಹತ್ತಿತು. ಅದರಾಗೂ ಅಕ್ಕೋರ ಬಾಯಿ.

ನಿಂಬಿಹಣ್ಣು, ಅರಿಷಿಣ, ಸುಣ್ಣ

ಬಂದು ವಾರ ಆಗಿರಲಿಲ್ಲ, ಅಕ್ಕೋರು ಮಕ್ಕಳಿಗೆ ಹೇಳಿದ್ರು: "ನಾಳೆ ಮನಿಯಿಂದ ಒಂದು ನಿಂಬಿಹಣ್ಣು, ಚಿಟಿಕಿ ಅರಿಷಿಣ, ಚೂರು ಸುಣ್ಣ ತರ್ರಿ." ನೀವ ಹೇಳ್ರಿ, ನಿಂಬಿಹಣ್ಣು, ಅರಿಷಿಣ, ಸುಣ್ಣ ಒಂದ ಉಸಿರಿನ್ಯಾಗ ಕೇಳಿದ್ರ ಯಾರರ ಪಾಠಕ್ಕ ಅಂತಾರೇನು? ಅದೂ ಅಮಾಸಿ ಮರುದಿನ.

ಮುಂಜಾನಿ ಗೇಟಿಗೆ ಒಬ್ಬಾಕಿ ಹುಡುಗಿಯ ತಾಯಿ, ಅಜ್ಜಿ ಇಬ್ಬರೂ ಬಂದು ನಿಂತ್ರು. ಅತ್ತಿ ಸೊಸಿ. ಮನ್ಯಾಗ ಒಬ್ಬರ ಮಾರಿ ಒಬ್ಬರು ನೋಡೂದಿಲ್ಲ, ಅವತ್ತ ಮಾತ್ರ ಕೈ ಕೈ ಹಿಡಕೊಂಡು ಬಂದಿದ್ರು.

"ಯಾರ ಮ್ಯಾಲೆ ಮಾಡಸಾಕತ್ತೀರಿ?" ಅಂತ ಅತ್ತಿ ನೇರ ಕೇಳಿದಳು.

"ಏನ ಮಾಡಸೂದ್ರಿ?" ಅಂದ್ರು ಅಕ್ಕೋರು.

"ಅದ. ಹೆಸರ ತಗೀಬಾರದ್ದು."

ನಾನೂ ಸೌಟ ಹಿಡಕೊಂಡು ಅತ್ತಿ ಬೆನ್ನ ಹಿಂದ ನಿಂತೆ. ಸಂಶಯ ನನ್ನದೂ ಅದ ಇತ್ತು, ಕೇಳೂ ಧೈರ್ಯ ಆಕೀದಿತ್ತು. ಅಕ್ಕೋರು ನಕ್ಕೋತ ಇಬ್ಬರನ್ನೂ ಒಳಗ ಕರದು ಕುಂಡ್ರಿಸಿದ್ರು. ಬಿಳೇ ಕಾಗದಕ್ಕ ಅರಿಷಿಣ ಕಲಿಸಿ ಬಳದ್ರು. ಅದರ ಮ್ಯಾಲೆ ಸುಣ್ಣದ ನೀರ ಹನಿಸಿದ್ರು. ಕಾಗದ ಕೆಂಪ ಆತು. ಅತ್ತಿ ಸೊಸಿ ಹಿಂದಕ್ಕ ಸರದ್ರು.

ನನಗ ತಡೀಲಿಲ್ಲ. "ಇದರಾಗ ಏನೈತ್ರಿ? ಆರತಿ ಓಕುಳಿ ಮಾಡೂದು ಹಿಂಗ ಅಲ್ಲೇನು? ಅರಿಷಿಣಕ್ಕ ಸುಣ್ಣ ಬಿದ್ರ ಕೆಂಪ" ಅಂದೆ.

"ಹೌದ್ರಿ ಆಯಿ, ಸಾಬಾಣ ಬಿದ್ರೂ ಕೆಂಪ ಆಗತೈತಿ. ಈಗ ನಿಂಬಿಹಣ್ಣಿನ ಕಸರತ್ತ ನೋಡ್ರಿ" ಅಂತ ಒಂದ ಹನಿ ಹಿಂಡಿದ್ರು. ಕೆಂಪಿದ್ದದ್ದು ಮತ್ತ ಹಳದಿ ಆತು.

ಅತ್ತಿ ಭಾಳ ಹೊತ್ತು ಕಾಗದ ನೋಡಿದಳು. ಆಮ್ಯಾಲೆ ಸೊಸಿ ಕಡೆ ಬೆರಳ ಮಾಡಿ, "ಅಕ್ಕೋರ, ಹಂಗಾದ್ರ ಇಕೀ ಮ್ಯಾಲೆ ಒಂದ ಹನಿ ಹಾಕ್ರಿ. ಮುಂಜಾನಿ ಎದ್ರ ಕೆಂಪಗ ಇರತಾಳ" ಅಂದಳು.

ಸೊಸಿ ಸೆರಗ ಸರಿ ಮಾಡಕೊಂಡು, "ಎರಡ ಹನಿ ಹಿಂಡ್ರಿ ಅಕ್ಕೋರ. ನಾ ಕೆಂಪ ಆಗೂದು ಸುಣ್ಣ ಬಾಜೂಕ ಕುಂತ ಮ್ಯಾಲೇನ" ಅಂದಳು.

ಒಂದ ಪಂಕ್ತಿ

ಆಮ್ಯಾಲೆ ಹೆಸರಕಾಳಿನ ಸುದ್ದಿ. ಅಕ್ಕೋರು ನನ್ನ ಕಡೆಯಿಂದ ಒಂದ ಹಿಡಿ ಹೆಸರಕಾಳು ಕೇಳಿ ಇಸಗೊಂಡ್ರು. ಬೆಲ್ಲ ಹೇಳಲಾರದ ತಗೊಂಡ್ರು, ಕಾಳು ಹೇಳಿ ತಗೊಂಡ್ರು, ಎರಡನೇದು ಮೊದಲನೇದನ್ನ ಮುಚ್ಚಾಕ, ಅಂತ ನಾ ಮನಸಿನ್ಯಾಗ ಕೂಡಿಸಿದೆ.

ಕಿಡಕ್ಯಾಗ ಎರಡ ಬಟ್ಟಲ ಇಟ್ರು. ಎರಡರಾಗೂ ಅರಿವಿ ಹಾಸಿ ಕಾಳು ಹಾಕಿದ್ರು. ಒಂದೊಂದು ಚೀಟಿ ಅಂಟಿಸಿದ್ರು. ಮಕ್ಕಳು ದಿನಾ ಬಂದು ಒಂದ ಬಟ್ಟಲಕ್ಕ ನೀರ ಹಾಕತಾವ, ಇನ್ನೊಂದರ ಕಡೆ ಬರೇ ನೋಡಿ ಹೋಗತಾವ. ಚೀಟಿ ಓದಾಕ ನನಗ ಬರೂದಿಲ್ಲ. ಎರಡ ದಿನ ನೋಡಿದೆ. ಮೂರನೇ ದಿನ ಮಕ್ಕಳು ಮನಿಗೆ ಹೋದ ಮ್ಯಾಲೆ, ಆ ಒಣಗಿದ ಬಟ್ಟಲಕ್ಕೂ ಒಂದೀಟ ನೀರ ಹಾಕಿದೆ. ಮರುದಿನಾನೂ ಹಾಕಿದೆ.

ಕಾಳು ಮೊಳಕಿ ಒಡದು ನಿಂತು ಬಿಟ್ವು. ನೀರ ಹಾಕದ ಬಟ್ಟಲದಾಗ.

ಅಕ್ಕೋರು ಕಣ್ಣ ಕಣ್ಣ ಬಿಟ್ರು. ಮಕ್ಕಳು ಸಾಲಾಗಿ ನಿಂತು ಕಾಳು ನೋಡಾಕ ಹತ್ತಿದ್ವು. ನಾಕನೇ ವರ್ಗದಾಗ ಎರಡ ಜಡಿ ಹಾಕೊಳ್ಳೂ ಒಬ್ಬಾಕಿ ಹುಡುಗಿ ಇದ್ದಳು, ಅವರಪ್ಪ ಮಗ್ಗದಾಗ ದುಡೀತಾನ. ನೂಲ ಎಲ್ಲಿ ಹರದೈತಿ ಅಂತ ಹುಡುಕೂ ಮನಶಾನ ಮಗಳು, ಕಣ್ಣ ಭಾಳ ಚೂಪ. ಆಕಿ ಅಂದಳು, "ಅಕ್ಕೋರ, ಇದರಾಗ ಯಾರದೋ ಕೈ ಐತಿ."

"ಹೆಂಗ ಗೊತ್ತ ಮಾಡೂಣು?" ಅಂತ ಅಕ್ಕೋರು ಆಕಿಗೇನ ಕೇಳಿದ್ರು. ಹುಡುಗಿ ಏನ ಮಾಡಬೇಕು, ಕಿಡಕಿ ಕೆಳಗ ಖಡೂ ಪುಡಿ ಉದರಿಸಿ ಹೋದಳು. ಬೋರ್ಡ ಒರಿಸಿದಾಗ ಬೀಳತೈತಲ್ಲ, ಆ ಬಿಳೇ ಪುಡಿ. ನನಗ ಅದು ಕಸ ಕಂಡಿತು. ದಿನದಂಗ ನೀರ ಹಾಕಿ ಬಂದೆ.

ಮುಂಜಾನಿ ನಾ ಬರೂದರಾಗ ಸಾಲಿ ಪೂರಾ ಒಂದೊಂದ ಕಾಲ ಎತ್ತಿ ನಿಂತಿತ್ತು. ಆ ಹುಡುಗಿ ಒಬ್ಬೊಬ್ಬರ ಹೆಜ್ಜಿ ಅಳೀಲಿಕ್ಕ ಹತ್ತಿದ್ದಳು. ನನ್ನ ಕಾಲ ಹತ್ರ ಬಂದು, ಹೊರಗ ಹೊಳ್ಳಿದ ಕಿರಿಬೆರಳ ನೋಡಿದಳು, ನೆಲದ ಮ್ಯಾಲಿನ ಗುರ್ತ ನೋಡಿದಳು, ಅಕ್ಕೋರನ್ನ ಕರದಳು.

"ಯಾಕ್ರಿ ಆಯಿ?" ಅಂದ್ರು ಅಕ್ಕೋರು.

"ನೋಡ್ರಿ ಅಕ್ಕೋರ, ಒಂದ ಪಂಕ್ತ್ಯಾಗ ಕುಂತವರ ಪೈಕಿ ಒಬ್ಬರಿಗೆ ಬಡಿಸಿ ಒಬ್ಬರಿಗೆ ಬಿಟ್ಟು ಹೋಗೂದು ನನ್ನ ಕೈಲೆ ಆಗೂದಿಲ್ಲ."

ಅಕ್ಕೋರು ನಗಲಿಲ್ಲ. ಮಕ್ಕಳ ಕಡೆ ತಿರಗಿ, "ಅದಕ್ಕ ನೋಡ್ರಿ, ಒಂದ ಸಲ ಮಾಡಿ ನಂಬಬಾರದು. ಮೂರ ಸಲ ಮಾಡಿ, ಮೂರ ಸಲಾನೂ ಹಂಗ ಆದ್ರ ಅದು ಪ್ರಯೋಗ" ಅಂದ್ರು. ಹೊಸಾದಾಗಿ ಎರಡ ಬಟ್ಟಲ ಇಟ್ರು. ಈ ಸಲ ಮಾತ್ರ ಒಣ ಬಟ್ಟಲಕ್ಕ ಚೀಟಿ ಅಂಟಿಸಲಿಲ್ಲ. ನನ್ನ ಸೌಟಿನ ಚಿತ್ರ ಬರದು, ಅದರ ಮ್ಯಾಲೆ ದೊಡ್ಡ ಇಂಟು ಮಾರ್ಕ ಹೊಡದ್ರು.

ಕಳ್ಳನ ಕೈ

ಇಷ್ಟರಾಗ ಬೆಲ್ಲ ಅರ್ಧಾ ಆಗಿತ್ತು. ಹೆಡ್ ಮಾಸ್ತರು ದಿನಾ ಬಂದು, "ಏನ್ರಿ ಆಯಿ, ಮತ್ತ ಕಡಿಮಿ ಆದಂಗ ಕಾಣತೈತಿ" ಅಂತ ಉಸರ ಬಿಡತಿದ್ರು. ಪಾಪ, ನನ್ನ ಸಲುವಾಗಿ ಎಷ್ಟ ಸಂಕಟ ಪಡತಾರ ಅಂತ ನನಗ ಅನಸೂದು.

ಹೆಜ್ಜಿ ಹಿಡದ ಹುಡುಗಿ ಕೈ ಹಿಡೀಲಾರಳೇನು ಅಂತ ಆಕೀನ್ನ ಅಡಗಿಮನಿಗೆ ಕರದು ಸುದ್ದಿ ಹೇಳಿದೆ. ಅಕ್ಕೋರಿಗೆ ಹೇಳಬ್ಯಾಡ ಅಂದೆ.

"ಯಾಕ ಆಯಿ?"

"ಹಂಗ."

ಹುಡುಗಿ ಅಂದಳು, "ಡಬ್ಬಿ ಮುಚ್ಚಳದ ಅಂಚಿನ ಕೆಳಗ ತೆಳ್ಳಗ ಅರಿಷಿಣ ಹಚ್ಚೂಣು. ತಗದವರು ನೀರಿಲೆ ತೊಳದ್ರ ಹೋಗೂದಿಲ್ಲ. ಸಾಬಾಣ ಹಚ್ಚಿದ ಕೂಡಲೇ ಕೆಂಪ." ಅವತ್ತ ಹೆಡ್ ಮಾಸ್ತರು ಮೀಟಿಂಗಿಗೆ ಅಂತ ಕೊಲ್ಹಾಪುರದಾಗ ಉಳದಿದ್ರು. ಸಾಲ್ಯಾಗ ಇದ್ದವರು ಮಕ್ಕಳು, ಅಕ್ಕೋರು, ನಾನು. ಛಲೋ ಆತು, ಅಕ್ಕೋರು ತಪ್ಪಿಸಿಕೊಳ್ಳೂದು ಎಲ್ಲಿಗೆ, ಅಂದಕೊಂಡು ನನ್ನ ಕೈಲೇನ ಅರಿಷಿಣ ಹಚ್ಚಿದೆ.

ಊಟಕ್ಕ ಮೊದಲ ಹುಡುಗಿ ನಳದ ಹತ್ರ ಸಾಬಾಣ ಇಟಗೊಂಡು ನಿಂತಳು. ಮಕ್ಕಳೆಲ್ಲಾ ತೊಳದ್ವು, ಬಿಳೇ ನೊರಿ. ಅಕ್ಕೋರು ತೊಳದ್ರು, ಬಿಳೇ ನೊರಿ. ಕಡೀಕ ನಾ ತೊಳದೆ.

ರಗತ ಸುರದಂಗ ಕೆಂಪ ನೊರಿ.

ಹುಡುಗಿ ನನ್ನ ಮಾರಿ ನೋಡಿ ಮೆತ್ತಗ ಕೇಳಿದಳು, "ಆಯಿ, ಮುಚ್ಚಳಕ್ಕ ಅರಿಷಿಣ ಹಚ್ಚಿದವರು ಯಾರು?"

"ನಾನ."

"ಖಿಚಡಿಗೆ ಹಾಕಿದವರು?"

"ನಾನ."

"ಆಯಿ, ಈ ಪ್ರಯೋಗ ಕೆಟ್ಟೈತಿ" ಅಂತ ಹಣಿ ಬಡಕೊಂಡಳು. ಆಗ ಅಕ್ಕೋರಿಗೆ ಎಲ್ಲಾ ಹೇಳಬೇಕಾತು. ಯಾರ ಮ್ಯಾಲೆ ಸಂಶಯ ಅನ್ನೂದೊಂದು ಬಿಟ್ಟು.

ಮಕ್ಕಳಿಗೆ ಎಷ್ಟ ತಿಳಿಸಿ ಹೇಳಿದ್ರೂ, ಒಂದನೇ ವರ್ಗದ ಒಂದ ಚಿಕ್ಕ ಕೂಸು ತಾಟ ಹಿಡಕೊಂಡು ಬಂದು, ನನ್ನ ಕಿವ್ಯಾಗ, "ಆಯಿ, ಮುಂದಿನ ಸಲ ಚಮಚದಲೆ ತಿನ್ರಿ" ಅಂದಿತು.

ಸಾಬಾಣ

ಕಮಿಟಿಯವರು ಬರೂದು ಶನಿವಾರ ಅಂತ ಗೊತ್ತಾತು. ಶುಕ್ರವಾರ ಸಂಜಿಕ, ಎಲ್ಲಾರೂ ಹೋದ ಮ್ಯಾಲೆ ಮುಚ್ಚಳಕ್ಕ ಅರಿಷಿಣ ಹಚ್ಚಿದ್ದು ಆ ಹುಡುಗಿ, ಕೈಗೆ ಚೀಲ ಕಟಗೊಂಡು. ಹುಗ್ಗಿಗೆ ಬೇಕಾದ ಬೆಲ್ಲ ಮೊದಲ ಬ್ಯಾರೆ ತಗದು ಇಟ್ಟಿದ್ದಳು. ನನಗ ಡಬ್ಬಿ ಮುಟ್ಟಬ್ಯಾಡ ಅಂದಳು, ಅರಿಷಿಣ ಮುಟ್ಟಬ್ಯಾಡ ಅಂದಳು. ಮನ್ಯಾಗ ಅವತ್ತ ರಾತ್ರಿ ಪಲ್ಲೆ ಮಾಡಿದ್ದೂ ನನ್ನ ಸೊಸಿ.

ಶನಿವಾರ ಹುಗ್ಗಿ ಕುದಿಯಾಕತ್ತಿತ್ತು. ಕಮಿಟಿಯ ಮೂರ ಮಂದಿ ಹಿರೇರು ಬಂದು ಕುಂತ್ರು. ಹೆಡ್ ಮಾಸ್ತರು, "ಮೊದಲ ಬೆಲ್ಲದ ಮಾತ ಮುಗಸೂಣ್ರಿ. ಆಯಿಗೆ ವಯಸ್ಸಾತು, ವಿಶ್ರಾಂತಿ ಕೊಡೂದು ಛಲೋ" ಅಂದ್ರು.

"ಮಕ್ಕಳು ಹಸದಾವ್ರಿ ಸರ್. ಮೊದಲ ಊಟ" ಅಂದ್ರು ಅಕ್ಕೋರು.

ನಳದ ಹತ್ರ ಸಾಲು ಹತ್ತಿತು. ಮಕ್ಕಳು ಒಬ್ಬೊಬ್ಬರ ತೊಳದ್ವು, ಬಿಳೇ ನೊರಿ. ನಾ ದೇವರ ನೆನಸಿ ತೊಳದೆ, ಬಿಳೇ ನೊರಿ. ಅಕ್ಕೋರು ಮುಂದ ಬಂದ್ರು. ನಾ ಬಗ್ಗಿ ನೋಡಿದೆ. ಬಿಳೇ ನೊರಿ. ಖರೇ ಹೇಳಬೇಕಂದ್ರ ನನಗ ಸ್ವಲ್ಪ ಬ್ಯಾಸರ ಆತು.

ಇನ್ನ ಯಾರೂ ಉಳೀಲಿಲ್ಲ, ನನ್ನ ಒಲಿ ಹೋತು ಅಂದಕೊಂಡೆ. ಅಷ್ಟರಾಗ ಹೆಡ್ ಮಾಸ್ತರು, ಕಮಿಟಿಯವರು ನೋಡಾಕತ್ತಾರಲ್ಲ ಅಂತ, ತೋಳ ಮಡಿಚಿ ಮುಂದ ಬಂದ್ರು. "ಕೈ ತೊಳಿಯೂದು ಹಿಂಗಲ್ಲ ಮಕ್ಕಳ. ನಾ ತೋರಸತೇನಿ ನೋಡ್ರಿ. ಬೆರಳ ಸಂದಿ ತಿಕ್ಕಬೇಕು, ಉಗರ ತಿಕ್ಕಬೇಕು" ಅಂತ ಸಾಬಾಣ ಹಚ್ಚಿದ್ರು.

ನೊರಿ ಕೆಂಪ ಆತು. ಅವರು ಇನ್ನೂ ಜೋರ ತಿಕ್ಕಿದ್ರು. ಇನ್ನೂ ಕೆಂಪ ಆತು.

ಟೊಪಗಿ ಹಾಕೊಂಡ ಒಬ್ಬ ಹಿರೇರು, "ಹೇ ಕಾಯ್ ಝಾಲಂ? ಏನಾತ್ರಿ ಕೈಗೆ?" ಅಂದ್ರು. ಹುಡುಗಿ ಮುಂದ ಬಂದು, ಮುಚ್ಚಳದ್ದು, ಅರಿಷಿಣದ್ದು, ಸಾಬಾಣದ್ದು, ಪಾಠ ಒಪ್ಪಿಸಿದಂಗ ಎಲ್ಲಾ ಹೇಳಿದಳು.

ಆಮ್ಯಾಲೆ ಗೊತ್ತಾತು. ಅಕ್ಕೋರು ಬಂದ ತಿಂಗಳಾನ ಹೆಡ್ ಮಾಸ್ತರಿಗೆ ಸಕ್ಕರಿ ಬ್ಯಾನಿ ಐತಿ ಅಂತ ಡಾಕ್ಟರು ಹೇಳಿದ್ರಂತ. ಮನ್ಯಾಗ ಅವರ ಹೆಂಡತಿ ಚಹಾದಾಗಿನ ಸಕ್ಕರಿ ಸಹಿತ ಬಂದ ಮಾಡಿದ್ರಂತ. ಮೊದಲ ಎಸ್ಟಿಗೆ ಯಾಕ ಬರತಿದ್ರು ಅನ್ನೂದು ಅವತ್ತ ತಿಳೀತು.

ಆದ್ರ ಆ ಹೊತ್ತಿನ್ಯಾಗ ಮಾಸ್ತರು ಅದನ್ನ ಹೇಳಲಿಲ್ಲ. ಗಂಟಲ ಸರಿ ಮಾಡಕೊಂಡು, "ಮಕ್ಕಳು ತಿನ್ನೂ ಬೆಲ್ಲ. ಶುದ್ಧ ಐತೋ ಇಲ್ಲೋ ಅಂತ ನಾ ಒಂದ ಪ್ರಯೋಗ ಮಾಡಿ ನೋಡಿದೆ" ಅಂದ್ರು.

ಹುಡುಗಿ ಕೈ ಕಟ್ಟಿ ನಿಂತು ಕೇಳಿದಳು, "ಸರ್, ಎಷ್ಟ ಸಲ ಮಾಡಿದ್ರಿ?"

ಮಾಸ್ತರು ಅಕ್ಕೋರ ಕಡೆ ನೋಡಿದ್ರು. ಒಂದ ಸಲ ಅಂದ್ರ, ಅಕ್ಕೋರ ಪ್ರಕಾರ ಅದು ಪ್ರಯೋಗ ಆಗೂದಿಲ್ಲ, ಬರೇ ಕಳವು. ಭಾಳ ಸಲ ಅಂದ್ರ ಅರ್ಧಾ ಡಬ್ಬಿ ಹೋದದ್ದು ಎಲ್ಲಿಗೆ ಅಂತ ತಿಳಿತೈತಿ. ಕೆಂಪ ಕೈ ಮುಂದ ಹಿಡಕೊಂಡು, ಸಣ್ಣ ದನಿಲೆ ಅಂದ್ರು, "ಪ್ರಯೋಗ ಇನ್ನೂ ನಡದೈತವ್ವಾ."

ಹಿರೇರು ನಕ್ಕ ರಭಸಕ್ಕ ಅವರ ಟೊಪಗಿ ನಳದ ಕೆಳಗ ಬಿತ್ತು. ಕಣ್ಣ ಒರಸಿಕೊಂಡು, "ಒಲಿ ಆಯೀದು. ಡಬ್ಬಿಗೆ ಕೀಲಿ ಹಾಕಿ, ಕೀಲಿಕೈ ಅಕ್ಕೋರ ಕೈಯಾಗ ಕೊಡ್ರಿ" ಅಂತ ಹೇಳಿ, ಹುಗ್ಗಿಗೆ ತಾಟ ಹಚ್ಚಾಕ ಹೇಳಿದ್ರು. ಮಾಸ್ತರಿಗೆ ಖಿಚಡಿ ಮಾಡಿಸಿದ್ರು.

ಅವತ್ತಿನಿಂದ ಕೀಲಿಕೈ ಅಕ್ಕೋರ ಸೆರಗಿನ ತುದ್ಯಾಗ ಐತಿ. ಅಕ್ಕೋರು ಬಂಗಾರದಂಥಾ ಹೆಣಮಗಳು, ಅವರ ಮ್ಯಾಲೆ ಸಂಶಯ ಪಟ್ಟಿದ್ದಕ್ಕ ನನಗ ನಾಚಿಕಿ ಆಗತೈತಿ. ದಿನಾ ಊಟಕ್ಕ ಮೊದಲ ಅವರ ಕೈಯಾಗ ಸಾಬಾಣ ನಾನ ಕೊಡತೇನಿ, ನಾನ ನೀರ ಹಾಕತೇನಿ, ನೊರಿ ಪೂರಾ ಹೋಗೂ ತನಕ ಅಲ್ಲೇ ನಿಂದರತೇನಿ.